ಹತ್ತಿದ ಮೊಲ ಇಳಿಯಬೇಕಲ್ಲ

— ಚಿಕ್ಕಪ್ಪ, ನಮ್ಮ ಮೊಲಗಳು ಮೆಟ್ಟಿಲು ಹತ್ತೋದು ಕಲಿತಿವೆ. ಮಗಳಿಗೆ ಖುಷಿಯೋ ಖುಷಿ. ನಿಮಗೆ ತೋರಿಸಬೇಕು ಅಂತ ಬೆಳಿಗ್ಗೆಯಿಂದ ಕಾಯ್ತಾ ಇದ್ದಾಳೆ.

— ಹತ್ತೋದು ಕಲಿತಿವೆ, ಸರಿ. ಇಳಿಯೋದು?

— ಬೂದು ಬಣ್ಣದ್ದು ಇಳಿಯುತ್ತೆ. ಬಿಳಿಯದು ಮೇಲೆ ಹೋಗಿ ಕೂತರೆ ಅಲ್ಲೇ. ಕೊನೆ ಮೆಟ್ಟಿಲ ಅಂಚಿಗೆ ಬಂದು ಮುಂಗಾಲು ಚಾಚುತ್ತೆ, ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತೆ. ಆಮೇಲೆ ಇವಳು ಎತ್ತಿಕೊಂಡು ಬರ್ತಾಳೆ.

— ಹಾಗಾದರೆ ಬಿಳಿಯದು ಅರ್ಧ ಮಾತ್ರ ಕಲಿತಿದೆ. ಉಳಿದ ಅರ್ಧದಲ್ಲೇ ಅಪಾಯ ಇರೋದು. ಪಶು ಆಸ್ಪತ್ರೆಯಲ್ಲಿ ಇದ್ದಷ್ಟು ಕಾಲ ನನ್ನ ಕೈಗೆ ಬಂದದ್ದು ಹೆಚ್ಚಿನಂಶ ದನ, ಎಮ್ಮೆ, ಕುರಿ. ಮೊಲ ಬರ್ತಾ ಇದ್ದದ್ದು ಅಪರೂಪಕ್ಕೆ. ಆದರೆ ಬಂದವುಗಳಲ್ಲಿ ನನಗೆ ಮರೆಯೋಕೆ ಆಗದ್ದು ಒಂದಿದೆ. ಹಿಂಗಾಲು ಎರಡನ್ನೂ ಎಳೆದುಕೊಂಡು, ಮುಂಗಾಲಲ್ಲೇ ತೆವಳ್ತಾ ಇತ್ತು. ಬಿದ್ದದ್ದು ಎಲ್ಲಿಂದ ಅಂತ ಕೇಳಿದರೆ ನಾಲ್ಕು ಮೆಟ್ಟಿಲ ಮೇಲಿಂದ ಅಂದರು. ನಾಲ್ಕೇ ನಾಲ್ಕು.

— ಬೆನ್ನುಮೂಳೆ ಮುರಿದಿತ್ತಾ?

— ಸೊಂಟದ ಹತ್ತಿರ. ಮೊಲಕ್ಕೆ ಅಲ್ಲೇ ಮುರಿಯೋದು ಜಾಸ್ತಿ. ಅದರ ಮೈಕಟ್ಟು ಹಾಗಿದೆ ನೋಡು. ಹಿಂಗಾಲು, ಸೊಂಟ, ತೊಡೆ ಎಲ್ಲ ಬರೀ ಮಾಂಸಖಂಡ. ಮೂಳೆ ಮಾತ್ರ ತೀರಾ ಹಗುರ. ಬೆಕ್ಕಿನ ಮೈತೂಕದಲ್ಲಿ ಶೇ 12–13ರಷ್ಟು ಮೂಳೆಯಾದರೆ ಮೊಲದಲ್ಲಿ ಶೇ 8ರ ಆಸುಪಾಸು. ಅಷ್ಟು ಸಣ್ಣ ಮೂಳೆಗೆ ಅಷ್ಟು ದೊಡ್ಡ ಖಂಡ ಕಟ್ಟಿಕೊಂಡಿದೆ. ಅದು ಗಾಬರಿಯಿಂದ ಒಮ್ಮೆ ಒದ್ದರೆ ಸಾಕು, ಬೀಳೋದೇ ಬೇಡ, ತನ್ನ ಒದೆತಕ್ಕೇ ತನ್ನ ಬೆನ್ನು ಮುರಿದುಕೊಳ್ಳುತ್ತೆ. ಅದಕ್ಕೇ ಕೇಳ್ತೀನಿ, ನಿನ್ನ ಮಗಳು ಎತ್ತಿಕೊಂಡು ಬರುವಾಗ ಹಿಂಭಾಗಕ್ಕೆ ಕೈ ಕೊಟ್ಟಿರ್ತಾಳಾ?

— ಒಂದು ಕೈ ಎದೆಗೆ, ಒಂದು ಕೈ ಹೊಟ್ಟೆಗೆ. ಹಿಂಗಾಲು ಜೋತಾಡ್ತಾ ಇರುತ್ತೆ.

— ಜೋತಾಡೋ ಕಾಲೇ ಒದೆಯೋದು. ಅದೂ ಗ್ರಾನೈಟ್ ಮೆಟ್ಟಿಲ ಮೇಲೆ, ಒಂಬತ್ತು ವರ್ಷದ ಹುಡುಗಿ, ಕೆಳಗೆ ನೋಡೋಕೆ ಆಗದ ಹಾಗೆ ಎರಡೂ ಕೈ ತುಂಬಿಕೊಂಡು ಇಳೀತಾಳೆ. ಇವತ್ತಿನಿಂದ ಅದು ಬೇಡ. ಅವಳನ್ನು ಗದರಬೇಡ, ಪ್ರೀತಿಯಿಂದ ಮಾಡ್ತಿದ್ದಾಳೆ. ಆದರೆ ಮೆಟ್ಟಿಲ ಮೇಲೆ ಮೊಲವನ್ನು ಎತ್ತೋದು ದೊಡ್ಡವರ ಕೆಲಸ. ಪೃಷ್ಠದ ಕೆಳಗೆ ಒಂದು ಅಂಗೈ, ಮೊಲದ ಮೈ ನಮ್ಮ ಎದೆಗೆ ಒತ್ತಿಕೊಂಡಿರಬೇಕು. ಆಗ ಅದಕ್ಕೂ ಧೈರ್ಯ, ನಮಗೂ ಹಿಡಿತ.

— ಸರಿ, ಹೇಳ್ತೀನಿ. ಆದರೆ ಒಂದು ಅರ್ಥ ಆಗಲ್ಲ. ಹತ್ತೋಕೆ ಬರೋ ಪ್ರಾಣಿಗೆ ಇಳಿಯೋಕೆ ಯಾಕೆ ಕಷ್ಟ? ನಮಗೆ ಇಳಿಯೋದೇ ಸುಲಭ.

— ಅದರ ಕಾಲು ನೋಡು. ಹಿಂದಿನದು ಉದ್ದ, ಮುಂದಿನದು ಗಿಡ್ಡ. ಹತ್ತುವಾಗ ಆ ಉದ್ದದ ಕಾಲು ಮೈಯನ್ನು ಮೇಲಕ್ಕೆ ತಳ್ಳುತ್ತೆ. ಮೊಲದ ದೇಹ ಇರೋದೇ ಆ ಕೆಲಸಕ್ಕೆ. ಇಳಿಯುವಾಗ ಅದೇ ಉದ್ದದ ಕಾಲು ಹಿಂದೆ ಎತ್ತರದಲ್ಲಿ ಉಳಿದುಬಿಡುತ್ತೆ. ಮೈಭಾರ ಪೂರಾ ಆ ಸಣ್ಣ ಮುಂಗಾಲಿನ ಮೇಲೆ ಬೀಳುತ್ತೆ. ಮೂತಿ ಮುಂದಾಗಿ ಮಗುಚಿಕೊಳ್ಳುವ ಭಯ ಅದಕ್ಕೆ. ಆ ಭಯದಲ್ಲಿ ತಪ್ಪೇನಿಲ್ಲ, ಮಗುಚಿಕೊಳ್ಳೋದು ನಿಜ.

— ಈಗ ನೆನಪಾಯ್ತು. ಗ್ರೀಸಿನ ಝೆನೊಫೋನ್ ಬೇಟೆಯ ಬಗ್ಗೆ ಒಂದು ಪುಸ್ತಕ ಬರೆದಿದ್ದಾನೆ, ಕ್ರಿಸ್ತಪೂರ್ವ 4ನೇ ಶತಮಾನದವನು. ಕಾಡುಮೊಲ ಏರು ಹತ್ತುವಾಗ ಅತಿ ವೇಗ, ಇಳಿಜಾರಲ್ಲಿ ಅತಿ ನಿಧಾನ ಅಂತ ಅದರಲ್ಲಿ ಇದೆ. ಓದಿದಾಗ ಯಾಕೆ ಅಂತ ಯೋಚನೆ ಮಾಡಿರಲಿಲ್ಲ.

— ಬೇಟೆಯವರಿಗೆ ಗೊತ್ತಿಲ್ಲದೆ ಇರುತ್ತಾ? ನಮ್ಮ ಕಡೆಯ ಹಳಬರೂ ಹೇಳೋರು, ಮೊಲವನ್ನು ಗುಡ್ಡದ ಕಡೆಗೆ ಬಿಟ್ಟರೆ ಕೈಗೆ ಸಿಗಲ್ಲ ಅಂತ. ನಾಯಿ ಅಟ್ಟಿಸಿಕೊಂಡು ಬಂದರೆ ಅದು ಏರಿನ ಕಡೆಗೇ ತಿರುಗುತ್ತೆ. ಮನೆಯಲ್ಲಿ ಸಾಕಿದ್ದೂ ಅಷ್ಟೇ. ಗಾಬರಿಯಾದರೆ ಮೇಲಕ್ಕೆ ಓಡುತ್ತೆ. ನಿಮ್ಮನೆಯಲ್ಲಿ ಅದು ಮೊದಲ ಸಲ ಹತ್ತಿದ್ದು ಯಾವಾಗ?

— ಮಿಕ್ಸಿ ಹಾಕಿದಾಗ! ಹೌದು ಚಿಕ್ಕಪ್ಪ. ಆವತ್ತು ಅಡುಗೆಮನೆ ಬಾಗಿಲಲ್ಲಿ ಇತ್ತು. ಮಿಕ್ಸಿ ಸದ್ದಿಗೆ ಹಿಂಗಾಲು ನೆಲಕ್ಕೆ ಎರಡು ಸಲ ಬಡಿದು, ಸೀದಾ ಮೆಟ್ಟಿಲು. ನಾವು ಅದನ್ನು ಜಾಣತನ ಅಂದುಕೊಂಡೆವು.

— ಜಾಣತನವೂ ಇದೆ. ಓಡಿಹೋದ ಜಾಗ ಚೆನ್ನಾಗಿತ್ತು, ಮಗಳ ಹಾಸಿಗೆ ಕೆಳಗೆ ಕತ್ತಲು ಇತ್ತು, ಮತ್ತೆ ಮತ್ತೆ ಹೋಗ್ತಾ ಇದೆ. ಮೊಲಕ್ಕೆ ತನ್ನ ಸೀಮೆ ಅಂತ ಒಂದು ಇರುತ್ತೆ. ಗದ್ದವನ್ನು ಅಲ್ಲಿ ಇಲ್ಲಿ ಉಜ್ಜುತ್ತಲ್ಲ, ಗದ್ದದ ಕೆಳಗಿನ ಗ್ರಂಥಿಯ ವಾಸನೆ ಹಚ್ಚಿ ಇದು ನನ್ನದು ಅಂತ ಗುರುತು ಮಾಡೋದು ಅದು. ಮಹಡಿಯನ್ನೂ ತನ್ನದು ಮಾಡಿಕೊಂಡಿದೆ ಅಂತಾಯ್ತು.

— ಅಂದರೆ ಅದರ ಇಷ್ಟ ಅದು. ನೀವು ಬೇಡ ಅಂತೀರಾ?

— ಬೇಡ ಅಂತ ಹೇಳೋಕೆ ಬಂದಿದ್ದೆ, ಸುಳ್ಳು ಯಾಕೆ ಹೇಳಲಿ. ಇವತ್ತು ಎಂಥಾ ಬಿಸಿಲು ನೋಡು. ಈ ಅಂಜನಾಪುರದಲ್ಲಿ ಮಳೆಗಾಲದಲ್ಲಿ ಕುಮುದ್ವತಿ ತುಂಬಿ ಜಲಾಶಯ ಕೋಡಿ ಬಿದ್ದಾಗ ನೋಡೋಕೆ ಬರೋ ಜನಕ್ಕೆ ಇದು ಬರೀ ತಂಪಿನ ಊರು. ಏಪ್ರಿಲ್‌ನಲ್ಲಿ ನಿಮ್ಮ ಆರ್‌ಸಿಸಿ ಮಹಡಿಯ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಇರಬೇಕು, ಗೊತ್ತಾಗುತ್ತೆ. ಮೊಲಕ್ಕೆ ಬೆವರಿ ಮೈ ತಣಿಸಿಕೊಳ್ಳೋಕೆ ಬರಲ್ಲ. ನಾಯಿ ಹಾಗೆ ನಾಲಿಗೆ ಚಾಚಿ ಏದುಸಿರು ಬಿಟ್ಟು ತಣಿಯೋಕೂ ಬರಲ್ಲ. ಇರೋದು ಆ ಎರಡು ಕಿವಿ. ಕಿವಿಯ ರಕ್ತನಾಳ ಹಿಗ್ಗಿಸಿ ಕಾವು ಹೊರಹಾಕುತ್ತೆ. ಸುತ್ತಲಿನ ಗಾಳಿಯೇ ಬಿಸಿಯಾದರೆ ಕಿವಿ ಏನು ಮಾಡುತ್ತೆ? 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಸಂಕಟ ಶುರು.

— ಈಗ ನೀವು ಹೇಳೋದು ತಿಳೀತಾ ಇದೆ. ಬೆಳಿಗ್ಗೆ ತಂಪು ಹೊತ್ತಲ್ಲಿ ಹತ್ತುತ್ತೆ...

— ಹೇಳು, ಮುಂದೆ?

— ಇವಳು ಶಾಲೆಗೆ ಹೋಗ್ತಾಳೆ, ನಾನೂ ಶಾಲೆಗೆ ಹೋಗ್ತೀನಿ. ಅತ್ತೆಗೆ ಮಂಡಿ ನೋವು, ಮಹಡಿ ಹತ್ತಲ್ಲ. ಇಳಿಯೋಕೆ ಹೆದರೋ ಮೊಲ ಮೇಲೆ ಉಳಿದುಬಿಡುತ್ತೆ. ನೀರಿನ ಬಟ್ಟಲು ಕೆಳಗೆ ಹಿತ್ತಲ ಬಾಗಿಲ ಹತ್ತಿರ ಇದೆ.

— ಬಿದ್ದು ಸತ್ತ ಮೊಲ ಕಣ್ಣಿಗೆ ಕಾಣುತ್ತೆ, ಮೆಟ್ಟಿಲ ಮೇಲೆ ತಪ್ಪು ಹೊರಿಸ್ತಾರೆ. ಹೀಗೆ ಮೇಲೆ ಸಿಕ್ಕಿಹಾಕಿಕೊಂಡು ಕಾವಿಗೆ ಸತ್ತದ್ದನ್ನು ಏನೋ ರೋಗ ಬಂತು ಅಂತಾರೆ. ಅದಕ್ಕೇ ಮೊದಲ ಮಾತೇ ಇಳಿಯೋದರ ಬಗ್ಗೆ ಕೇಳಿದ್ದು. ಇಳಿಯೋಕೆ ಬಾರದ ಪ್ರಾಣಿಗೆ ಹತ್ತೋಕೆ ದಾರಿ ಬಿಡೋದು ಅಂದರೆ ಅದನ್ನು ಒಂದು ಕೋಣೆಯಲ್ಲಿ ಕೂಡಿಹಾಕಿದ ಹಾಗೇ ಆಯ್ತು.

— ಹಾಗಾದರೆ ಮೆಟ್ಟಿಲಿಗೆ ಅಡ್ಡ ಒಂದು ಗೇಟು ಹಾಕಿಬಿಡೋದಾ?

— ಗೇಟು ಬೇಕು. ಮನೆಯಲ್ಲಿ ನೋಡೋರು ಇಲ್ಲದ ಹೊತ್ತಿಗೆ ಮುಚ್ಚಿರಲಿ. ಸರಳುಗಳ ಸಂದು ಒಂದೂವರೆ ಅಂಗುಲಕ್ಕಿಂತ ಕಡಿಮೆ ಇರಲಿ, ತಲೆ ತೂರಿಸೋಕೆ ಆಗಬಾರದು. ಆದರೆ ಗೇಟು ಹಾಕಿ ಕೈ ತೊಳೆದುಕೊಂಡರೆ ಅದಕ್ಕೆ ಮೋಸ ಮಾಡಿದ ಹಾಗೆ. ಗೂಡಲ್ಲಿ ಕೂತೇ ಇರೋ ಮೊಲದ ಮೂಳೆ ಇನ್ನೂ ಸವೆಯುತ್ತೆ, ಕರುಳು ನಿಧಾನ ಆಗುತ್ತೆ, ಬೊಜ್ಜು ಬರುತ್ತೆ. ಓಡೋಕೆ, ನೆಗೆಯೋಕೆ ಜಾಗ ಇರಬೇಕು. ನಿಮ್ಮನೆ ಬೂದು ಮೊಲ ಸಂಜೆ ಹೊತ್ತು ಗಾಳಿಯಲ್ಲೇ ಮೈ ತಿರುಚಿ ನೆಗೆಯುತ್ತಲ್ಲ, ಅದು ಸಂತೋಷಕ್ಕೆ. ಆ ನೆಗೆತ ನಿಲ್ಲಿಸಬಾರದು. ಅದರಿಂದ ಮೆಟ್ಟಿಲನ್ನೇ ಅದಕ್ಕೆ ಹೊಂದಿಸೋಣ ಅಂತೀನಿ. ಎಲ್ಲಿ, ಟೇಪು ಕೊಡು.

— ಈ ಹೊಸ ಮೆಟ್ಟಿಲು ಅಳತೆ ಪ್ರಕಾರ ಕಟ್ಟಿದ್ದು ಚಿಕ್ಕಪ್ಪ. ಇವರು ಆಗಲೇ ಹೇಳ್ತಿದ್ದರು, ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ವಾಸದ ಮನೆಗೆ ಮೆಟ್ಟಿಲ ಎತ್ತರ 190 ಮಿಲಿಮೀಟರ್ ಮೀರಬಾರದು, ಕಾಲಿಡೋ ಅಗಲ 250ಕ್ಕೆ ಕಡಿಮೆ ಆಗಬಾರದು ಅಂತ ಇದೆಯಂತೆ.

— ಮನುಷ್ಯರ ಪಾದಕ್ಕೆ ಅದು ಸರಿ. ಈಗ ಮೊಲವನ್ನು ಅಳೆ. ಕೂತಾಗ ಮೂಗಿಂದ ಬಾಲದವರೆಗೆ ಒಂದು ಅಡಿ ಮೇಲಿದೆ, ಮೈ ಚಾಚಿದರೆ ಇನ್ನೂ ಉದ್ದ. ಮೆಟ್ಟಿಲು ಹತ್ತು ಅಂಗುಲ. ನಾಲ್ಕೂ ಕಾಲು ಒಂದೇ ಮೆಟ್ಟಿಲ ಮೇಲೆ ಊರಿ ಸಮಾಧಾನವಾಗಿ ನಿಲ್ಲೋಕೆ ಜಾಗ ಇಲ್ಲ. ಹಾಗಾಗಿ ನಿಲ್ಲದೆ ಒಂದೇ ಓಟದಲ್ಲಿ ಎರಡೆರಡು ಮೆಟ್ಟಿಲು ನೆಗೆಯುತ್ತೆ. ಮೇಲಕ್ಕೆ ಆ ಓಟ ನಡೆಯುತ್ತೆ. ಕೆಳಕ್ಕೆ ನಡುವೆ ನಿಲ್ಲೋಕೆ ಆಗದಿದ್ದರೆ ವೇಗ ಏರುತ್ತಾ ಹೋಗುತ್ತೆ. ಇನ್ನು ನಿಮ್ಮ ಹಳೇ ಭಾಗದಲ್ಲಿ ಅಟ್ಟಕ್ಕೆ ಹೋಗೋ ಮರದ ಮೆಟ್ಟಿಲಿದೆಯಲ್ಲ...

— ಅದಕ್ಕೆ ಹತ್ತೋದೇ ಇಲ್ಲ ಅವು.

— ಹತ್ತೋಕೂ ಬಿಡಬೇಡ. ಅದು ಏಣಿಗಿಂತ ಒಂದು ಮಟ್ಟ ಮೇಲು ಅಷ್ಟೇ. ಹಲಗೆ ಹಲಗೆ ನಡುವೆ ಹಿಂದೆ ಮುಚ್ಚಿಗೆ ಇಲ್ಲ, ತೆರೆದ ಸಂದು. ಮೊಲದ ಕಾಲು ಅಲ್ಲಿ ಸಿಕ್ಕಿಕೊಂಡು ಮೈ ಮುಂದೆ ಹೋದರೆ ಮುಗೀತು. ಅಜ್ಜಿ ಕಾಲದಲ್ಲಿ ಅಟ್ಟಕ್ಕೆ ಹತ್ತುತ್ತಾ ಇದ್ದದ್ದು ಬೆಕ್ಕು. ಬೆಕ್ಕಿಗೆ ಉಗುರು ಒಳಗೆಳೆದು ಹೊರಬಿಡೋಕೆ ಬರುತ್ತೆ, ಅಂಗಾಲಲ್ಲಿ ಮೆತ್ತೆ ಇದೆ. ಮೊಲದ ಅಂಗಾಲು ತಿರುಗಿಸಿ ನೋಡಿದ್ದೀಯಾ?

— ಬರೀ ಕೂದಲು.

— ಅದೇ. ಮೆತ್ತೆ ಇಲ್ಲ. ಮಣ್ಣಿನ ನೆಲದಲ್ಲಿ ಉಗುರು ಊರಿ ಓಡೋ ಪ್ರಾಣಿ ಅದು. ಹಳೇ ಮನೆಯ ರೆಡ್ ಆಕ್ಸೈಡ್ ನೆಲ ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿ ಆಗಿದೆ, ಹೊಸ ಮನೆಯದು ಪಾಲಿಶ್ ಮಾಡಿದ ಗ್ರಾನೈಟ್. ಎರಡರ ಮೇಲೂ ಉಗುರು ಹಿಡಿಯಲ್ಲ, ಕೂದಲು ಜಾರುತ್ತೆ. ನಮ್ಮ ಕಣ್ಣಿಗೆ ಚೆಂದ ಕಂಡದ್ದೆಲ್ಲ ಅದರ ಕಾಲಿಗೆ ಕಂಟಕ. ಮೆಟ್ಟಿಲ ಮಾತು ಹಾಗಿರಲಿ, ಬರೀ ನೆಲದ ಮೇಲೆ ಜಾರಿ ಕಾಲು ಅಗಲಿಸಿಕೊಂಡು ಸೊಂಟ ಉಳುಕಿಸಿಕೊಳ್ಳುತ್ತೆ.

— ಕಾಲೊರಸು ಹಾಸಿದರೆ? ತೆಂಗಿನ ನಾರಿಂದು ಮನೆಯಲ್ಲೇ ಇದೆ.

— ಹಿಡಿತ ಸಿಗುತ್ತೆ, ಆದರೆ ಒರಟು. ಅಂಗಾಲಿನ ಕೂದಲು ಸವೆದು ಚರ್ಮ ಕೆಂಪಾಗುತ್ತೆ, ಆಮೇಲೆ ಹುಣ್ಣು. ಭಾರದ ಮೊಲಕ್ಕೆ ಬೇಗ ಬರುತ್ತೆ, ವಾಸಿಯಾಗೋದು ಬಹಳ ನಿಧಾನ. ನಾನಾದರೆ ಗೋಣಿತಾಟು ಹಾಕ್ತೀನಿ. ಅಡಿಕೆ ತುಂಬೋ ಚೀಲ ಇದೆಯಲ್ಲ, ಸೆಣಬಿಂದು, ಒತ್ತಾಗಿ ನೇಯ್ದದ್ದು. ಸಡಿಲ ನೇಯ್ಗೆಯದು ಬೇಡ, ಉಗುರು ಸಿಕ್ಕಿ ಕಿತ್ತು ಬರುತ್ತೆ. ಪ್ಲಾಸ್ಟಿಕ್ ಹುಲ್ಲಿನ ಹಾಸು ಅಂಗಡಿಯಲ್ಲಿ ಸಿಗುತ್ತೆ, ಅದಂತೂ ಬೇಡವೇ ಬೇಡ.

— ಯಾಕೆ?

— ಕಡಿಯದೆ ಬಿಡುತ್ತಾ? ಮೊಲದ ಹಲ್ಲು ಸಾಯೋವರೆಗೂ ಬೆಳೀತಾ ಇರುತ್ತೆ, ಅದಕ್ಕೆ ಏನಾದರೂ ಕಡೀತಾ ಇರಲೇಬೇಕು. ನುಂಗಿದ್ದನ್ನು ವಾಂತಿ ಮಾಡೋಕೆ ಅದಕ್ಕೆ ಬರಲ್ಲ. ಪ್ಲಾಸ್ಟಿಕ್ ಎಳೆ ಒಳಗೆ ಹೋದರೆ ಕರುಳು ಕಟ್ಟುತ್ತೆ. ಸೆಣಬನ್ನೂ ಕಡಿಯುತ್ತೆ, ಅದರಿಂದ ವಾರಕ್ಕೊಮ್ಮೆ ಅಂಚು ನೋಡಿ, ಜೂಲು ಬಿಟ್ಟಿದ್ದರೆ ಕತ್ತರಿಸಿ ತೆಗಿ. ಹುಲ್ಲು ಯಾವಾಗಲೂ ಮುಂದೆ ಇದ್ದರೆ ಗೋಣಿಯ ಮೇಲೆ ಅಷ್ಟು ಆಸೆ ಇರಲ್ಲ. ಗರಿಕೆ, ಒಣಗಿದ ಹುಲ್ಲು, ಹೊಲದಿಂದ ಮೆಕ್ಕೆಜೋಳದ ಹಸಿರು ಗರಿ. ಹೊಟ್ಟೆಗೆ ಮುಖ್ಯ ಹುಲ್ಲು. ಕ್ಯಾರೆಟ್ಟು ಚಿತ್ರದ ಪುಸ್ತಕದಲ್ಲಿ ಇರಲಿ.

— ಮಳೆಗಾಲದಲ್ಲಿ ಗೋಣಿ ಥಂಡಿ ಹಿಡಿಯಲ್ವಾ?

— ಹಿಡಿಯುತ್ತೆ. ಜೂನ್‌ನಿಂದ ಇಲ್ಲಿ ಬಟ್ಟೆಯೇ ಒಣಗಲ್ಲ, ಗೋಣಿ ಎಲ್ಲಿ ಒಣಗುತ್ತೆ. ಎರಡು ಜೊತೆ ಮಾಡಿಟ್ಟುಕೋ. ಒಂದು ಮೆಟ್ಟಿಲ ಮೇಲೆ, ಇನ್ನೊಂದು ಬಚ್ಚಲೊಲೆ ಹತ್ತಿರ ನೇತುಹಾಕು. ಉಚ್ಚೆ ಹೊಯ್ದ ಗೋಣಿಯ ಮೇಲೆ ಕಾಲಿಟ್ಟುಕೊಂಡೇ ಇದ್ದರೆ ಆಗಲೇ ಹೇಳಿದ ಹುಣ್ಣು ಬರುತ್ತೆ. ಅಂಟಿನಿಂದ ಅಂಟಿಸಬೇಡ, ತೆಗೆದು ತೊಳೆಯೋ ಹಾಗಿರಲಿ. ಅಂಚಿಗೆ ಮರದ ರೀಪು ಕೊಟ್ಟು ಬಿಗಿದರೆ ಸಾಕು. ಸಡಿಲ ಇದ್ದರೆ ಮೊಲಕ್ಕಿಂತ ಮೊದಲು ನಿಮ್ಮತ್ತೆ ಬೀಳ್ತಾರೆ.

— ರೀಪು ಅಂದಾಗ ನೆನಪಾಯ್ತು. ಮೆಟ್ಟಿಲ ಮೇಲೆ ಪೂರಾ ಹಲಗೆ ಹಾಸಿ ಇಳಿಜಾರು ಮಾಡಿದರೆ? ಬಡಗಿ ಬರ್ತೀನಿ ಅಂದಿದ್ದಾರೆ.

— ಒಳ್ಳೇ ಯೋಚನೆ. ಈ ಸಾಕು ಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆ. ಅಲ್ಲಿ ಅದು ನೆಲದಡಿ ಬಿಲ ತೋಡಿಕೊಂಡು ಇರೋ ಪ್ರಾಣಿ. ಬಿಲದ ಬಾಯಿಂದ ಒಳಕ್ಕೆ ಓರೆ ದಾರಿ ಇರುತ್ತೆ, ಮೆಟ್ಟಿಲು ಇರಲ್ಲ. ಓರೆ ದಾರಿಯಲ್ಲಿ ಇಳಿಯೋದು ಅದರ ರಕ್ತದಲ್ಲೇ ಇದೆ. ಆದರೆ ಲೆಕ್ಕ ಹಾಕು. ಒಂದು ಅಡಿ ಎತ್ತರಕ್ಕೆ ಮೂರು ಅಡಿಯಾದರೂ ಹಲಗೆ ಉದ್ದ ಬೇಕು, ಇಲ್ಲದಿದ್ದರೆ ಇಳಿಜಾರೇ ಜಾರುಬಂಡಿ ಆಗುತ್ತೆ. ನಿಮ್ಮ ಮಹಡಿ ಹತ್ತು ಅಡಿ ಎತ್ತರ.

— ಮೂವತ್ತು ಅಡಿ ಹಲಗೆ! ಜಗುಲಿ ದಾಟಿ ಅಂಗಳಕ್ಕೆ ಬರುತ್ತೆ.

— ಅಂಗಳದಿಂದ ಜಗುಲಿಗೆ ಎರಡು ಮೆಟ್ಟಿಲಿದೆಯಲ್ಲ, ಅಲ್ಲಿಗೆ ಹಾಕಿಸು. ಅಡ್ಡಡ್ಡ ಸಣ್ಣ ರೀಪು ಹೊಡೆಸಿ ಮೇಲೆ ಗೋಣಿ. ವಯಸ್ಸಾದ ಮೇಲೆ ಅದೇ ಅದಕ್ಕೆ ಆಧಾರ. ಮಹಡಿಗೆ ಬೇರೆ ಉಪಾಯ. ನಡುವೆ ತಿರುವಿನಲ್ಲಿ ಒಂದು ಅಗಲದ ಜಾಗ ಇದೆ ನೋಡು, ಲ್ಯಾಂಡಿಂಗು. ಅದನ್ನು ಮೊಲದ ತಂಗುದಾಣ ಮಾಡು. ಅಲ್ಲೊಂದು ರಟ್ಟಿನ ಪೆಟ್ಟಿಗೆ, ಎರಡು ಕಡೆ ಬಾಗಿಲು ಕೊಯ್ದು ಇಡು. ಪಕ್ಕದಲ್ಲಿ ಮಣ್ಣಿನ ಬಟ್ಟಲಲ್ಲಿ ನೀರು, ಒಂದು ಹಿಡಿ ಹುಲ್ಲು. ಅಲ್ಲಿಂದ ಕೆಳಗೆ ಎಂಟೇ ಮೆಟ್ಟಿಲು. ಭಯ ಅರ್ಧ ಆಗುತ್ತೆ.

— ಕಲಿಸೋದು ಹೇಗೆ? ಕೆಳಗೆ ನಿಂತು ಕರೆದರೆ ಬರುತ್ತಾ?

— ಕೆಳಗಿನ ಒಂದೇ ಮೆಟ್ಟಿಲಿಂದ ಶುರು ಮಾಡು. ಆ ಒಂದರ ಮೇಲೆ ಅದನ್ನು ಇಟ್ಟು, ನೆಲದ ಮೇಲೆ ಎರಡು ಕೊತ್ತಂಬರಿ ದಂಟು ಇಡು. ಇಳಿಯೋದು ಒಂದು ನೆಗೆತ. ಅದು ಲೀಲಾಜಾಲ ಆದ ಮೇಲೆ ಎರಡನೇ ಮೆಟ್ಟಿಲು. ಜನ ಮಾಡೋದು ಇದರ ಉಲ್ಟಾ. ಮೇಲಕ್ಕೆ ಕೊಂಡುಹೋಗಿ ಬಿಟ್ಟು, ಇಳಿ ಇಳಿ ಅಂತ ಹಿಂದಿನಿಂದ ತಟ್ಟುತ್ತಾರೆ. ಹಿಂದಿನಿಂದ ಕೈ ತಾಗಿದರೆ ಮೊಲಕ್ಕೆ ಅದು ನರಿ, ಹದ್ದು. ಒಂದು ಸಲ ಹಾಗೆ ಹೆದರಿತು ಅಂದರೆ ಆ ಮೆಟ್ಟಿಲ ಹತ್ತಿರ ಎಷ್ಟೋ ದಿನ ಸುಳಿಯಲ್ಲ. ಮುಂದೆ ಕೂತಿರು, ನೆಲದ ಮಟ್ಟಕ್ಕೆ ಬಗ್ಗಿ ಕೂತಿರು, ಸುಮ್ಮನಿರು. ಮುಸ್ಸಂಜೆ ಒಳ್ಳೇ ಹೊತ್ತು, ಆಗ ಅದರ ಚುರುಕೇ ಬೇರೆ. ಮಧ್ಯಾಹ್ನ ಅದರ ನಿದ್ದೆ ಹೊತ್ತು.

— ಅಂಚಿಗೆ ಬಂದು ಯಾಕೆ ಮೂಗು ಆಚೆ ಈಚೆ ಆಡಿಸುತ್ತೆ? ಕಣ್ಣು ಕಾಣಲ್ವಾ ಅಂತ ಇವಳು ಕೇಳ್ತಿದ್ದಳು.

— ಚುರುಕು ಹುಡುಗಿ. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಹಿಂದೆ, ಮೇಲೆ, ಪಕ್ಕ ಎಲ್ಲ ಕಾಣುತ್ತೆ, ಹೆಚ್ಚುಕಡಿಮೆ ಸುತ್ತಲೂ. ಕಾಣದೆ ಇರೋದು ಮೂಗಿನ ತುದಿಯ ಮುಂದೆ, ಗದ್ದದ ಕೆಳಗೆ. ಇಳಿಯುವಾಗ ಬೇಕಾದದ್ದು ಅದೇ ಜಾಗ. ಆಳ ಅಂದಾಜು ಮಾಡೋದೂ ಅದಕ್ಕೆ ಕಷ್ಟ, ಎರಡು ಕಣ್ಣಿನ ನೋಟ ಒಂದರ ಮೇಲೊಂದು ಕೂಡೋದು ತೀರಾ ಕಡಿಮೆ. ಅದಕ್ಕೆ ತಲೆ ಆಡಿಸಿ ನೋಡುತ್ತೆ, ಮೀಸೆಯಿಂದ ತಡವುತ್ತೆ. ಇನ್ನೊಂದು ಸೇರಿಸು. ಕೆಂಪು ಬಣ್ಣ ಅದಕ್ಕೆ ನಮ್ಮ ಹಾಗೆ ಕಾಣಲ್ಲ. ನೀಲಿ, ಹಸಿರು ತಿಳಿಯುತ್ತೆ. ನಿಮ್ಮ ಕಂದು ಗ್ರಾನೈಟಿನಲ್ಲಿ ಒಂದು ಮೆಟ್ಟಿಲು ಎಲ್ಲಿ ಮುಗೀತು, ಇನ್ನೊಂದು ಎಲ್ಲಿ ಶುರುವಾಯ್ತು ಅಂತ ಅದಕ್ಕೆ ಗೊತ್ತಾಗೋದು ಹೇಗೆ? ಗೋಣಿಯ ಅಂಚಿಗೆ ಬಿಳಿ ಹತ್ತಿ ಬಟ್ಟೆಯ ಪಟ್ಟಿ ಹೊಲಿದುಬಿಡು. ಅತ್ತೆಗೂ ಅನುಕೂಲ.

— ಅಷ್ಟೆಲ್ಲ ಮಾಡಿದರೂ ಬಿಳಿಯದು ಕಲಿಯದಿದ್ದರೆ?

— ಕಲಿಯದಿದ್ದರೆ ಬಿಡು. ಎಲ್ಲ ಮೊಲವೂ ಒಂದೇ ಅಲ್ಲ. ಬಿಳಿಯದಕ್ಕೆ ಕಣ್ಣು ಕೆಂಪಲ್ಲವಾ? ಆ ಜಾತಿಯದಕ್ಕೆ ಕಣ್ಣಲ್ಲಿ ಬಣ್ಣದ ಅಂಶ ಇಲ್ಲ, ಬೆಳಕು ಹೆಚ್ಚಾದರೆ ಕುಕ್ಕುತ್ತೆ, ನೋಟವೂ ಮಂದ. ಬೂದು ಬಣ್ಣದ್ದು ಮಾಡಿದ್ದನ್ನು ಇದೂ ಮಾಡಬೇಕು ಅಂತ ಇಲ್ಲ. ಅವಳ ಕೋಣೆ ಮೇಲಿದೆ ಅಂತ ತಾನೇ ನಿನ್ನ ಚಿಂತೆ? ಸಂಜೆ ಹೊತ್ತು ಅವಳೇ ಪುಸ್ತಕ ಹಿಡಿದು ಕೆಳಗೆ ಬಂದು ಓದಲಿ.

— ಅದಕ್ಕೆ ಅವಳು ಒಪ್ಪುತ್ತಾಳೆ. ನಾನೇ ಒಂದು ಕೇಳ್ಬೇಕು. ಶಾಲೆಯಲ್ಲಿ ಒಬ್ಬ ಹುಡುಗ ಹೇಳ್ತಿದ್ದ, ಅವರ ಹೊಲದಲ್ಲಿ ಜೋಳ ಕಟಾವು ಮಾಡುವಾಗ ಮೊಲದ ಮರಿ ಸಿಕ್ಕಿತ್ತಂತೆ, ಬೇಕಾದರೆ ತಂದುಕೊಡ್ತೀನಿ, ಅದು ಎಂಥಾ ಮೆಟ್ಟಿಲನ್ನೂ ನೆಗೆಯುತ್ತೆ ಅಂತ.

— ತರಬೇಡ ಅಂತ ಆ ಹುಡುಗನಿಗೆ ಕೂರಿಸಿಕೊಂಡು ಹೇಳು. ನೀನು ಟೀಚರು, ನಿನ್ನ ಮಾತು ಕೇಳ್ತಾನೆ. ನಾವು ಎರಡಕ್ಕೂ ಮೊಲ ಅಂತೀವಿ, ಆದರೆ ಎರಡೂ ಬೇರೆ ಪ್ರಾಣಿ. ಹೊಲದ್ದು ಬಿಲ ತೋಡಲ್ಲ, ಹುಲ್ಲಿನ ಮರೆಯಲ್ಲಿ ಸಣ್ಣ ತಗ್ಗು ಮಾಡಿಕೊಂಡು ಕೂತಿರುತ್ತೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ಬಿಟ್ಟಿರುತ್ತೆ. ಸಾಕು ಮೊಲದ ಮರಿ ಹುಟ್ಟುವಾಗ ಬೆತ್ತಲೆ, ಕಣ್ಣು ಮುಚ್ಚಿರುತ್ತೆ. ಎರಡಕ್ಕೂ ಕೂಡಿಕೆಯೂ ಆಗಲ್ಲ, ವರ್ಣತಂತುಗಳ ಸಂಖ್ಯೆಯೇ ಬೇರೆ, ಇದಕ್ಕೆ 44, ಅದಕ್ಕೆ 48. ಹೊಲದಲ್ಲಿ ಮರಿ ಒಂಟಿಯಾಗಿ ಕೂತಿದ್ದರೆ ತಾಯಿ ಬಿಟ್ಟುಹೋಗಿದೆ ಅಂತಲ್ಲ. ತಾಯಿ ಕತ್ತಲಾದ ಮೇಲೆ ಬಂದು ಹಾಲು ಕೊಡುತ್ತೆ. ನಾವು ಎತ್ತಿಕೊಂಡು ಬಂದರೆ ಅನಾಥ ಮಾಡಿದ್ದು ನಾವೇ. ಮನೆಗೆ ತಂದದ್ದು ಬೆದರಿಯೇ ಸಾಯುತ್ತೆ. ಅಲ್ಲದೆ ಅದು ಕಾಡುಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತೆ. ಹಿಡಿಯೋದೂ ಅಪರಾಧ, ಸಾಕೋದೂ ಅಪರಾಧ.

— ಹಂಪಿಯ ಕಥೆಯಲ್ಲಿ ಬೇಟೆನಾಯಿಗಳಿಗೆ ತಿರುಗಿ ಬಿದ್ದದ್ದು ಹೊಲದ ಮೊಲವೇ ಹಾಗಾದರೆ. ಪಾಠ ಮಾಡುವಾಗ ಮಕ್ಕಳು ಯಾವಾಗಲೂ ಬಿಳಿ ಮೊಲ ಬರೀತಾರೆ.

— ಬಿಳಿ ಮೊಲ ಆಗ ಎಲ್ಲಿತ್ತು? ಬಂಡೆ, ಪೊದೆ, ಏರು. ಕಂದು ಬೆನ್ನಿನ, ಕಪ್ಪು ಕತ್ತಿನ ನಮ್ಮ ಮೊಲ. ಮಕ್ಕಳಿಗೆ ಈ ಸಲ ಅದನ್ನೇ ಬರೆಸು. ಈ ಜಲಾಶಯದ ಹಿನ್ನೀರಿನ ಆಚೆ ಹೊಲಗಳಲ್ಲಿ ಮುಂಜಾನೆ ಕಾಣುತ್ತೆ, ಈಗ ಮೊದಲಿನಷ್ಟು ಇಲ್ಲ. ಮಕ್ಕಳು ಅದನ್ನು ಅಲ್ಲೇ ನೋಡಬೇಕು. ಇನ್ನೊಂದು ಸಂಕಟ ಹೇಳ್ತೀನಿ. ಸಾಕಿ ಬೇಸರ ಬಂದವರು ಮೊಲವನ್ನು ತಂದು ಇದೇ ಹೊಲ, ಪೊದೆಗಳಲ್ಲಿ ಬಿಟ್ಟುಹೋಗ್ತಾರೆ, ಸ್ವತಂತ್ರವಾಗಿ ಇರಲಿ ಅಂತ. ಅದಕ್ಕೆ ಓಡೋಕೂ ಬರಲ್ಲ, ಅಡಗೋಕೂ ಬರಲ್ಲ, ಬಣ್ಣ ಬೇರೆ ಬಿಳಿ. ಒಂದು ರಾತ್ರಿ ಉಳಿದರೆ ಹೆಚ್ಚು. ಪೇಟೆಯಲ್ಲಿ ಒಂದು ಜೊತೆ ಕೊಳ್ಳೋದು ಸುಲಭ. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕೋ ಜೀವ ಅದು ಅಂತ ಕೊಡೋವಾಗ ಯಾರೂ ಹೇಳಲ್ಲ.

— ಎಂಟು ಹತ್ತು ವರ್ಷವಾ? ಅಂದರೆ ಇವಳು ಕಾಲೇಜಿಗೆ ಹೋಗೋವರೆಗೂ.

— ಹೌದು. ಆಗ ಇವು ಮುದಿಯಾಗಿರ್ತವೆ. ಕೀಲು ನೋವು ಬರುತ್ತೆ. ಇವತ್ತು ಛಂಗನೆ ಹತ್ತೋ ಬೂದು ಮೊಲ ಒಂದು ದಿನ ಮೊದಲ ಮೆಟ್ಟಿಲ ಹತ್ತಿರ ಬಂದು ಕೂತುಬಿಡುತ್ತೆ. ಸೋಮಾರಿತನ ಅಂದುಕೊಳ್ಳಬೇಡ. ಹಿಂಭಾಗ ಕೊಳೆ ಆಗ್ತಾ ಇದೆಯಾ ನೋಡು, ಬಗ್ಗಿ ನೆಕ್ಕಿಕೊಳ್ಳೋಕೆ ಆಗದಿದ್ದರೆ ಹಾಗಾಗುತ್ತೆ. ಹಿಕ್ಕೆ ಸಣ್ಣದಾಗಿದೆಯಾ, ಹಾಕೋದೇ ನಿಲ್ಲಿಸಿದೆಯಾ ನೋಡು. ಅರ್ಧ ದಿನ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ನಾಳೆ ನೋಡೋಣ ಅನ್ನಬೇಡ. ಮೊಲ ನೋವು ತೋರಿಸಿಕೊಳ್ಳಲ್ಲ. ತೋರಿಸಿಕೊಂಡರೆ ಹಿಡಿದು ತಿನ್ನೋರು ಇರೋ ಲೋಕದಿಂದ ಬಂದದ್ದು.

— ಶಿಕಾರಿಪುರದಲ್ಲಿ ಮೊಲ ನೋಡೋರು ಸಿಗ್ತಾರಾ?

— ಮೊದಲು ಅಲ್ಲಿಗೇ ಹೋಗು, ನೋವಿಗೆ ಏನು ಬೇಕೋ ಕೊಡ್ತಾರೆ. ಎಕ್ಸ್-ರೇ, ಶಸ್ತ್ರಚಿಕಿತ್ಸೆ ಬೇಕಾದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹೋಗುವಾಗ ಮಡಿಲಲ್ಲಿ ಕೂರಿಸಿಕೊಳ್ಳಬೇಡ, ಗಟ್ಟಿ ತಳದ ಪೆಟ್ಟಿಗೆಯಲ್ಲಿ ಟವೆಲ್ ಹಾಸಿ ಇಡು. ಬಿದ್ದ ಮೊಲ ಆದರೆ ಹಲಗೆಯ ಮೇಲೆ ಮಲಗಿಸಿದ ಹಾಗೇ ಒಯ್ಯಬೇಕು, ಸೊಂಟ ಬಗ್ಗಬಾರದು. ಇನ್ನೊಂದು, ಜನರ ಮಾತ್ರೆ, ನಾಯಿಯ ಔಷಧಿ ಮನೆಯಲ್ಲೇ ಅಂದಾಜಿಗೆ ಕೊಡಬೇಡ. ಕೆಲವು ಆಂಟಿಬಯಾಟಿಕ್ ಬಾಯಲ್ಲಿ ಕೊಟ್ಟರೆ ಮೊಲದ ಹೊಟ್ಟೆಯೊಳಗಿನ ಒಳ್ಳೇ ಸೂಕ್ಷ್ಮಜೀವಿಗಳೆಲ್ಲ ಸತ್ತು ಮೊಲವೇ ಹೋಗುತ್ತೆ.

— ಚಿಕ್ಕಪ್ಪ, ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋಳಲ್ಲ ನಾನು. ನೀವು ಹೇಳಿದ್ದು ಒಪ್ಪಿದೆ. ಆದರೆ ನೀವೂ ಒಂದು ಒಪ್ಪಬೇಕು. ಬೂದು ಮೊಲ ಮೇಲೆ ಹೋಗಿ ಕಿಟಕಿ ಹತ್ತಿರ ಎರಡು ಕಾಲ ಮೇಲೆ ನಿಂತು ಹೊರಗೆ ನೋಡುತ್ತೆ. ಆ ಹೊತ್ತಿಗೆ ಅದರ ಮುಖ ನೀವು ನೋಡಿಲ್ಲ. ಅದಕ್ಕೆ ಮಹಡಿ ಬರೀ ಅಪಾಯ ಅಲ್ಲ. ಯಾರೂ ಕರೆಯದೆ, ಯಾರೂ ಕಲಿಸದೆ ಹೋದ ಜಾಗ ಅದು.

— ಒಪ್ಪಿದೆ. ಅದಕ್ಕೇ ಗೇಟು ಹಾಕಿ ಬೀಗ ಹಾಕು ಅನ್ನಲಿಲ್ಲ. ಬೆಳಿಗ್ಗೆ ನೀವು ಹೊರಡೋ ಮುಂಚೆ ಎರಡೂ ಕೆಳಗಿವೆಯಾ ನೋಡಿ ಮುಚ್ಚಿ, ಸಂಜೆ ಬಂದ ಮೇಲೆ ತೆಗೀರಿ. ಅಷ್ಟು ಮಾಡೋಕೆ ಆದರೆ ಬೂದು ಮೊಲ ಕಿಟಕಿ ನೋಡಲಿ. ಮೇ ತಿಂಗಳು ಮುಗಿಯೋವರೆಗೆ ಮಧ್ಯಾಹ್ನ ಮೇಲೆ ಬೇಡ, ಭಾನುವಾರವೂ ಬೇಡ. ಎಲ್ಲಿ ನಿನ್ನ ಮಗಳು? ಕರಿ. ಮೊದಲು ಉಗುರು ನೋಡಬೇಕು. ಉದ್ದ ಬೆಳೆದಿದ್ದರೆ ಗೋಣಿ ಹಾಸೋ ಮೊದಲೇ ತುದಿ ಕತ್ತರಿಸಬೇಕು. ಕಪ್ಪು ಉಗುರಲ್ಲಿ ರಕ್ತನಾಳ ಕಾಣಲ್ಲ, ಹಿಂದಿನಿಂದ ಟಾರ್ಚು ಹಿಡಿಯೋಕೆ ಒಬ್ಬರು ಬೇಕು. ಅದು ಅವಳ ಕೆಲಸ.

— ಮೊದಲು ಬಿಳಿಯದಾ, ಬೂದಾ?

— ಹೆದರೋದು ಮೊದಲು. ಕಾಯೋಕೆ ಬಿಟ್ಟರೆ ಇನ್ನೂ ಹೆದರುತ್ತೆ. ಒಂದು ಟವೆಲ್ ತಾ, ದಪ್ಪನೆಯದು.